ಹೊರಗೆ ಒಯ್ಯಬಾರದು

ತಮಾಲೆಯ ಹಾಸ್ಟೆಲಿನಲ್ಲಿ ಕರೆಂಟು ಹೋಗಿ ಮೂರು ತಾಸು.
ವುನ್ಪಿನಿಯ ಮಡಿಲಲ್ಲಿ ಹಳೇ ಲ್ಯಾಪ್‌ಟಾಪು,
ಬೆಕ್ಕಿನಷ್ಟು ಬಿಸಿ.

ಕಂಟೇನರಿನಲ್ಲಿ ಬಂದದ್ದು. ಬೆನ್ನ ಮೇಲೆ ಇನ್ನೂ
ಯಾವುದೋ ಡಚ್ ಗ್ರಂಥಾಲಯದ ಚೀಟಿ:
ಹೊರಗೆ ಒಯ್ಯಬಾರದು.

ಇಂಥವನ್ನೇ ಸುಟ್ಟು ತಾಮ್ರ ಹೆಕ್ಕುವ ಅಣ್ಣ ನೇಂದೋ
ಇದೊಂದನ್ನು ಬೆಂಕಿಗೆ ಹಾಕದೆ
ಅಕ್ರಾದಿಂದ ರಾತ್ರಿ ಬಸ್ಸಿಗೆ ಕೊಟ್ಟು ಕಳಿಸಿದ.
ಸುತ್ತಿದ ಬಟ್ಟೆಗೆ ಅವನ ಕೆಮ್ಮಿನ ವಾಸನೆ.

ಒಳಗೆ ಯಾರದೋ ಪ್ರಬಂಧ,
'ಭೂಮಿಗೆ ಹೊರೆಯಾಗದ ವಿದ್ಯೆ'.
ಎರಡನೇ ಪುಟದಲ್ಲಿ
'ಆದ್ದರಿಂದ ನಾವು' ಎಂಬಲ್ಲಿಗೆ ನಿಂತಿದೆ.

ಅವಳು ಅಳಿಸಲಿಲ್ಲ.
ಅದರ ಕೆಳಗೇ ತನ್ನದನ್ನು ಶುರು ಮಾಡಿದಳು:
ಸುಟ್ಟ ನೆಲದ ಈರುಳ್ಳಿಯಲ್ಲಿ ಸೀಸ ಎಷ್ಟು.

ಅಂಕಿಅಂಶ ಇಳಿಸಲು ಡೇಟಾ ಇಲ್ಲ. ಬ್ಯಾಟರಿ ಹನ್ನೊಂದು.
ಪಕ್ಕದ ಮಂಚದಿಂದ ಅಜಾರಾ, ಕತ್ತಲಲ್ಲೇ:
ನಿಂದು ಮುಗಿದ ಮೇಲೆ
ನಂಗೂ ಒಂದು ಗಳಿಗೆ ಕೊಡ್ತೀಯಾ?