ಎಡಕ್ಕೋ ಬಲಕ್ಕೋ

ಮೀನಬುಟ್ಟಿ ತಲೆಗೇರಿಸುವ ಮೊದಲು
ಶೇವಂತಜ್ಜಿ ಬೇಲಿ ನೋಡುವಳು.
ಕೆಂಬೂತ ಬಲಕ್ಕೆ ದಾಟಿದರೆ
ಬಿಣಗಾದ ಕೇರಿ ಮುಗಿಯುವಷ್ಟರಲ್ಲಿ ಬುಟ್ಟಿ ಖಾಲಿ.
ಎಡಕ್ಕಾದರೆ ಬುಟ್ಟಿ ಇಳಿಸಿ
ಹೊಸ್ತಿಲಲ್ಲಿ ಕೂತು ಒಂದು ಕವಳ ಹಾಕಿ
ಬೇರೆಯೇ ದಿನ ಶುರುವಾಯಿತೆಂಬಂತೆ ಮತ್ತೆ ಏಳುವಳು.

ಶಾಲೆಯಲ್ಲಿ ನವಿಲಿನ ಗಾದೆ ಕಲಿತು ಬಂದ ನಾನು
ಪುಕ್ಕ ಕೆದರಿದಂತೆ ಕುಣಿದು ತೋರಿಸಿದ್ದಕ್ಕೆ
ಬಂಗಡೆ ವಾಸನೆಯ ಕೈಯಿಂದ ಬಿತ್ತು ಒಂದು ಏಟು:
"ಅದರ ಕಣ್ಣು ಕೆಂಪಾದದ್ದು ಯಾಕೆ ಗೊತ್ತನಾ?
ದೋಣಿ ಮಗುಚಿದವರಿಗಾಗಿ ಅತ್ತು ಅತ್ತು.
ಊಪ್ ಊಪ್ ಅಂತ ಈಗಲೂ ಕರೀತದೆ."

ಗಾಳಿಮರದ ತುದಿಯ ಕಡಲಹದ್ದಿಗೆ
ಬೆರಳು ತೋರಬಾರದು.
ತೋರಿದರೆ ಆ ಬೆರಳನ್ನೇ ಕಚ್ಚಿಕೊಳ್ಳಬೇಕು,
ಬಲೆಯ ಗಂಟು ಸಡಿಲಾಗದಂತೆ.
ಅರ್ಧ ತಿಂದ ಕಾಣೆಮೀನನ್ನು ಅದು ಅಂಗಳಕ್ಕೆ ಬೀಳಿಸಿದ ದಿನ
ಅಜ್ಜಿ ಬೇಯಿಸಲೂ ಇಲ್ಲ, ಎಸೆಯಲೂ ಇಲ್ಲ.
ತೆಂಗಿನ ಬುಡಕ್ಕೆ ಹೂತು, ಕೈ ಒರೆಸಿಕೊಂಡು
"ನಿನ್ನಜ್ಜನ ಹಳೇ ಸಾಲ, ತೀರಿಸಿದ" ಅಂದಳು.

ಆಮೇಲೆ ಜೀಪು ಬಂತು.
ಸರ್ವೆಯವರು ಅಂಗಳಕ್ಕೆ ಸುಣ್ಣದ ಗೆರೆ ಎಳೆದರು.
ಕಾಗದದ ಮೇಲಿನ ಒಂದು ಪದ ಯಾರಿಗೂ ಬಗೆಹರಿಯದೆ
ಏಳನೇ ಇಯತ್ತೆಯ ನನ್ನ ಮುಂದೆ ಹಿಡಿದರು.
ಸೀಬರ್ಡ್.
ಕಡಲಹಕ್ಕಿ, ಅಂದೆ, ಹೆಮ್ಮೆಯಿಂದ.

ಗಂಡಸರು ಸುಮ್ಮನಾದರು.
ಅಜ್ಜಿಯ ಮುಖ ಮಾತ್ರ ಅರಳಿತು:
"ಹಕ್ಕಿಯೇನಾ! ಹಾಗಾದ್ರೆ ಕೇಳು ಅವರಿಗೆ,
ಎಡಕ್ಕೆ ಹಾರ್ತೋ, ಬಲಕ್ಕೆ ಹಾರ್ತೋ?"
ಕೇಳಿದೆ.
ಟೇಪು ಸುತ್ತುತ್ತಿದ್ದವ ನಕ್ಕ.
ಅದರ ಇನ್ನೊಂದು ತುದಿ ಹಿಡಿದವ ನಗಲಿಲ್ಲ,
ಅವನು ಹೊನ್ನಾವರ ಕಡೆಯವ.

ಈಗ ಕಾಲನಿಯಲ್ಲಿ ನಮ್ಮದು ನಂಬರಿನ ಮನೆ.
ಬೇಲಿ ಹೋಗಿ ಕಾಂಪೌಂಡು, ಕೆಂಬೂತಕ್ಕೆ ಅಡಗಲು ಪೊದೆಯಿಲ್ಲ.
ಕೊನೆಯ ವರ್ಷ ಅಜ್ಜಿ ಬುಟ್ಟಿಯಿಲ್ಲದೆಯೂ
ಹೊಸ್ತಿಲಲ್ಲಿ ಕೂತು ಕವಳ ಹಾಕುತ್ತಿದ್ದಳು,
ಯಾವ ಹಕ್ಕಿಯೂ ದಾಟದ ದಿನವನ್ನು
ಎಡವೆಂದೇ ಲೆಕ್ಕ ಹಿಡಿದು.

ನಿನ್ನೆ ಅಂಕೋಲೆಯ ಬಸ್ಸಿನಿಂದ ಕಂಡೆ.
ಕಾವಲಿನ ತಂತಿಯಾಚೆ,
ಪಾಸು ಕೇಳುವವರ ತಲೆಯ ಮೇಲಿಂದ
ಹದ್ದು ಹೋಗುತ್ತಿತ್ತು, ಕಾಲಲ್ಲಿ ಮೀನು,
ನಮ್ಮ ಗಾಳಿಮರ ಇದ್ದ ದಿಕ್ಕಿಗೆ.
ಪಕ್ಕದ ಸೀಟಿನ ಮಗುವಿಗೆ
ಅಗೋ ಅಲ್ಲಿ, ಅಂತ ತೋರಿಸಿದೆ.

ಮಗು ನನ್ನ ಮುಖವನ್ನೇ ನೋಡುತ್ತಿತ್ತು.
ಬೆರಳು ಆಗಲೇ ಹಲ್ಲಿನ ನಡುವೆ.