ಹಳಿಯ ಮೇಲಿನ ಮರಳು

ಹತ್ತನೆಯ ದಿನ ಸೂಲಗಿತ್ತಿ ಯೋಲಾಂತಾ
ಬೂಟಿನ ಹಿಮ ಕೊಡವಿ ಒಳಗೆ ಬಂದಳು.
ಅಡುಗೆಮನೆಯ ಮೇಜಿನ ರೊಟ್ಟಿಚೂರುಗಳನ್ನು ಅಂಗೈಯಿಂದ ಬಳಿದು
ತಕ್ಕಡಿ ಇಟ್ಟಳು. ಅದರ ಮೇಲೊಂದು ಬಟ್ಟೆ. ಬಟ್ಟೆಯ ಮೇಲೆ ನಿನ್ನನ್ನು.

ಹುಟ್ಟಿದಾಗ ಮೂರು ಕಿಲೋ ಇನ್ನೂರ ಹತ್ತು.
ಈಗ ಎರಡು ಕಿಲೋ ಎಂಟುನೂರ ನಲವತ್ತು.
ಕಳೆಯುವ ಲೆಕ್ಕ ಅವಳು ಬಾಯಿಬಿಟ್ಟು ಮಾಡಲಿಲ್ಲ.
ಪೆನ್ನಿನ ತುದಿ ಮಾತ್ರ ಕಾಗದದ ಮೇಲೆ
ಒಂದು ಕ್ಷಣ ಹೆಚ್ಚಿಗೆ ನಿಂತಿತು.

"ಸಂಜೆಯೊಳಗೆ ಯೋಚಿಸು, ಬೊಗ್ನಾ.
ಎದೆಯೋ, ಡಬ್ಬಿಯೋ, ಎರಡೂನೋ.
ಬೈಯಲು ಬಂದವಳಲ್ಲ ನಾನು, ತೂಗಲು ಬಂದವಳು."

ಯೋಚಿಸಲು ಎಲ್ಲರೂ ನೆರವಾದರು.
ವಾರ್ಸಾದಿಂದ ನಾದಿನಿ ಕೊರ್ನೇಲ್ಯಾ ಫೋನು ಮಾಡಿ
ಬಿಡಬೇಡ, ಕಚ್ಚಿ ಹಿಡಿ ಅಂದಳು.
ಕಚ್ಚಿ ಹಿಡಿಯಬೇಕಾದವಳು ನಾನಲ್ಲವಲ್ಲ!
ಕೆಳಮನೆಯವಳು ಎಲೆಕೋಸಿನ ಎಲೆ ಜಜ್ಜಿ ತಂದಳು,
ಒಳಂಗಿಯಲ್ಲಿ ಇಟ್ಟುಕೊಂಡೆ. ಇಡೀ ಮಧ್ಯಾಹ್ನ
ನನ್ನಿಂದ ಸೂಪಿನ ವಾಸನೆ.
ವೀತ್ ಏನೂ ಹೇಳಲಿಲ್ಲ.
ಹಿಟ್ಟಿನ ಚೀಲದ ಹಿಂದೆ ಅವನು ಅಡಗಿಸಿಟ್ಟ ಡಬ್ಬಿ
ಸಕ್ಕರೆ ಹುಡುಕುವಾಗ ನನ್ನ ಕೈಗೆ ಸಿಕ್ಕಿತು.
ಸೀಲು ಒಡೆದಿರಲಿಲ್ಲ. ಅಡಿಗೆ ರಸೀದಿ ಮಡಿಚಿ ಅಂಟಿಸಿದ್ದ,
ನಾನು ಬೇಡವೆಂದರೆ ಹಿಂದಿರುಗಿಸಲು.
ನಾನು ಅತ್ತದ್ದು ಆ ರಸೀದಿಗೆ, ಡಬ್ಬಿಗಲ್ಲ.

ಎದೆ ಕಲ್ಲಾಗಿದೆ. ನಿನ್ನ ಬಾಯಿ ಹುಡುಕುತ್ತದೆ,
ಸಿಗುತ್ತದೆ, ಜಾರುತ್ತದೆ.
ಮತ್ತೆ ಜಾರುತ್ತದೆ.
ಬಿರಿದ ತೊಟ್ಟಿನ ರಕ್ತ ನಿನ್ನ ತುಟಿಯಂಚಿಗೆ.

ಅಜ್ಜಿ ಗೆನೊವೇಫಾ ಕಿಟಕಿಯ ಬಳಿ ಬೀಟ್‌ರೂಟು ಸುಲಿಯುತ್ತಾ
ಯಾರೂ ಕೇಳದೆಯೇ ಶುರುಮಾಡಿದಳು:
"ನೂಲಿನ ಗಿರಣಿಯಲ್ಲಿ ಎರಡನೇ ಪಾಳಿ ನನ್ನದು.
ಅಲ್ಲೆಲ್ಲೋ ಕೂಸು ಅತ್ತರೆ ಇಲ್ಲಿ ಎದೆ ಸೋರುತ್ತಿತ್ತು.
ಒದ್ದೆ ಅಂಗಿಗೆ ಹತ್ತಿಯ ಧೂಳು ಮೆತ್ತಿ
ಎರಡು ಬಿಳಿ ಬಿಲ್ಲೆ.
ಮೇಸ್ತ್ರಿ ಬೇರೆ ಕಡೆ ನೋಡುತ್ತಿದ್ದ, ಒಳ್ಳೆಯವನು.
ನಿನ್ನಪ್ಪ ಶಿಶುಮಂದಿರದ ಪುಡಿಹಾಲು ಕುಡಿದೇ ಬೆಳೆದ.
ಬಾಗಿಲು ಹಾಕಲು ಇವತ್ತಿಗೂ ಮರೆಯುತ್ತಾನೆ, ನಿಜ.
ಅದನ್ನು ಹಾಲಿನ ತಲೆಗೆ ಕಟ್ಟಬೇಡ."

ನಕ್ಕೆ. ನಕ್ಕರೆ ಹೊಲಿಗೆ ಎಳೆಯುತ್ತದೆ.

ನಿನಗಿನ್ನೂ ಗೊತ್ತಿಲ್ಲ, ನಾನು ಈ ವೂಚ್ ಊರಿನಲ್ಲಿ ಟ್ರಾಮು ಓಡಿಸುವವಳು.
ನವೆಂಬರಿನಲ್ಲಿ ಕೊಳೆತ ಎಲೆ, ಜನವರಿಯಲ್ಲಿ ಹೆಪ್ಪುಗಟ್ಟಿದ ಇಬ್ಬನಿ.
ಚಕ್ರ ತಿರುಗುತ್ತದೆ, ಟ್ರಾಮು ಹೋಗುವುದಿಲ್ಲ.
ಆಗ ಒಂದು ಗುಂಡಿ ಒತ್ತುತ್ತೇವೆ. ಸೀಟಿನಡಿಯ ಪೆಟ್ಟಿಗೆಯಿಂದ
ಒಣ ಮರಳು ಸಣ್ಣಗೆ ಹಳಿಗೆ ಉದುರುತ್ತದೆ.
ಚಕ್ರ ಕಚ್ಚುತ್ತದೆ.
ಹನ್ನೊಂದು ವರ್ಷದಲ್ಲಿ ಒಬ್ಬ ಪ್ರಯಾಣಿಕನೂ ಇಳಿಯುವಾಗ ಕೇಳಿಲ್ಲ,
ಏರು ಹತ್ತಿಸಿದ್ದು ನೀನೋ, ಮರಳೋ ಎಂದು.

ಬೆಳಗಿನ ಮೂರೂವರೆ.
ಡಿಪೋದಿಂದ ಮೊದಲ ಗಾಡಿ ಹೊರಡಲು ಇನ್ನೂ ಹೊತ್ತಿದೆ.
ಕೆಟಲಿನ ನೀರು ಕುದಿದು, ತುಸು ಆರಿತು.
ಮೂರು ಚಮಚ ಪುಡಿ, ಚಾಕುವಿನ ಬೆನ್ನಿನಿಂದ ಸಮ ಮಾಡಿ.
ಹಾಲಿಗಾದರೂ ಹಾಕು ನೀರಿಗಾದರೂ ಹಾಕು ಎನ್ನುವಂತೆ
ನೀನು ನನ್ನ ತೋಳಿನಲ್ಲಿ ಬಿದ್ದಿದ್ದೆ.
ಎರಡನ್ನೂ ಬಾಟಲಿಗೆ ಹಾಕಿ ಕುಲುಕಿದೆ.
ಮಣಿಕಟ್ಟಿನ ಮೇಲೊಂದು ಹನಿ. ಏನೂ ಅನ್ನಿಸಲಿಲ್ಲ.
ಏನೂ ಅನ್ನಿಸದಿರುವುದೇ ಸರಿಯಾದ ಬಿಸಿಯಂತೆ,
ಡಬ್ಬಿಯ ಮೇಲೆ ಬರೆದಿದೆ.

ನೀನು ಕುಡಿದೆ. ಕಣ್ಣು ಬಿಟ್ಟು, ನನ್ನನ್ನೇ ನೋಡುತ್ತಾ,
ಮಾನ ಮರ್ಯಾದೆಯಿಲ್ಲದೆ ಸದ್ದು ಮಾಡಿಕೊಂಡು.
ನನ್ನ ಕಿರುಬೆರಳು ನಿನ್ನ ಮುಷ್ಟಿಯಲ್ಲಿ.
ಅರವತ್ತು ಮಿಲಿ. ಆಮೇಲೆ ನಿದ್ದೆ,
ಗಲ್ಲದ ಮೇಲೊಂದು ಹನಿ ಹಾಗೇ ಉಳಿದು.

ಆಗ, ಯಾರೂ ಕರೆಯದೆ,
ಎಡದೆದೆ ತಾನಾಗಿ ಇಳಿಯಿತು.
ಅಂಗಿ ಒದ್ದೆ, ಸೊಂಟದವರೆಗೆ.
ಹತ್ತುವವರಿಲ್ಲದ ನಿಲ್ದಾಣಕ್ಕೆ
ತಡವಾಗಿ ಬಂದ ಗಾಡಿ.

ಬೈಯಲಿಲ್ಲ. ಟವೆಲು ಒತ್ತಿ ಹಿಡಿದೆ.
ಇರಲಿ, ಆರೂವರೆಗೆ ಇನ್ನೊಂದು ಸುತ್ತಿದೆ.