ಹನ್ನೊಂದೂವರೆಯ ಹಾಲು

ಕಗ್ಗಲೀಪುರ ದಾಟಿ ಎಡಕ್ಕೆ ಮಣ್ಣುದಾರಿ.
ವಾರವಿಡೀ ಬೇರೆಯವರ ಮಕ್ಕಳನ್ನು ಹೊರುವ ನಮ್ಮ ವ್ಯಾನಿನಲ್ಲಿ
ಇವತ್ತು ನಾವಷ್ಟೇ.
ಟಿಕೇಟು ದೊಡ್ಡವರಿಗೆ ಆರುನೂರು, ಮಕ್ಕಳಿಗೆ ನಾನೂರು,
ಅರವತ್ತು ದಾಟಿದವರಿಗೆ ಅರ್ಧ.
ನನ್ನಮ್ಮ ಅಕ್ಕಯ್ಯಮ್ಮ ರವಿಕೆಯೊಳಗಿಂದ ಆಧಾರ್ ಕಾರ್ಡು ತೆಗೆದು
ಬೆಚ್ಚಗಿದ್ದಂತೆಯೇ ಕೊಟ್ಟಳು.
ಕೌಂಟರಿನ ಹುಡುಗ ಅವಳ ಮುಂಗೈಗೆ
ಹಸಿರು ಕಾಗದದ ಪಟ್ಟಿ ಸುತ್ತಿದ.
ತಿರುಗಿಸಿ ತಿರುಗಿಸಿ ನೋಡಿದಳು.
"ನಮ್ ಹಸುಗೂ ಹಿಂಗೇ ಹಾಕೋರು, ಕಿವಿಗೆ,
ಇನ್ಶೂರೆನ್ಸ್‌ನೋರು."
ಹುಡುಗ ನಕ್ಕ. ಅವಳು ನಗಲಿಲ್ಲ.

ಒಳಗೆ ಸೆಗಣಿ ಸಾರಿಸಿದ ಅಂಗಳ, ಯಾರೂ ತುಳಿಯದಂತೆ
ಅದರ ಸುತ್ತ ಹಗ್ಗ.
ಮೊಲಗಳಿಗೆ ಹೆಂಚಿನ ಮನೆ,
ನಮಗಿನ್ನೂ ಶೀಟಿನದೇ.
ಒಂದು ಹಿಡಿ ಸೀಮೆಹುಲ್ಲಿಗೆ ಮೂವತ್ತು ರೂಪಾಯಿ.
ಇಂಚರ ಎರಡು ಹಿಡಿ ಕೊಂಡಳು.
ಅಮ್ಮ ಒಂದು ಹೊರೆಗೆ ಎಷ್ಟಾಯಿತೆಂದು ಲೆಕ್ಕ ಹಾಕುತ್ತಿದ್ದುದು
ಅವಳ ತುಟಿಯಲ್ಲೇ ಕಾಣುತ್ತಿತ್ತು.

ಹಾಲು ಕರೆಯುವ ಅನುಭವ, ಒಬ್ಬರಿಗೆ ನೂರು.
ಸ್ಟೀಲಿನ ಲೋಟ ಹಿಡಿದು ಮಕ್ಕಳ ಸಾಲು.
ಟೀ ಶರ್ಟಿನ ಯುವಕ ಕೆಚ್ಚಲು ತೊಳೆದ, ಸವರಿದ,
ಮೊಲೆ ಎಳೆದೆಳೆದು ಬೆವೆತ.
ಹಸು ಬಾಲ ಬೀಸಿತೇ ಹೊರತು ತೊರೆ ಬಿಡಲಿಲ್ಲ.
ನನ್ನ ಗಂಡ ವೆಂಕಟಾಚಲ, ಪಾಪ, ಒಳ್ಳೆಯವನು,
"ನಮ್ಮತ್ತೆ ಕೈಗೆ ಕೊಡಿ, ಮೂವತ್ತು ವರ್ಷ ಕರೆದವರು" ಅಂದ.
ಎಲ್ಲರೂ ತಿರುಗಿದರು.
ಫೋನುಗಳು ಮೇಲೆದ್ದವು.

ನನಗೂ ಆಸೆಯಾಯಿತು, ಸುಳ್ಳು ಹೇಳಲಾರೆ.
ನೋಡಲಿ ಇವರೆಲ್ಲ ಆ ಕೈಯನ್ನು,
ಹಳೇ ಗುಡ್ಡದಹಳ್ಳಿಯ ಮೋರಿ ಪಕ್ಕದ ಕೊಟ್ಟಿಗೆಯಲ್ಲಿ
ನಾಲ್ಕು ಗಂಟೆಯ ಕತ್ತಲಲ್ಲಿ ಆರು ಹಸು ಕರೆದ ಕೈ,
ಕಾರ್ಪೊರೇಷನ್ನಿನವರು ಸುಬ್ಬಿಯನ್ನು ದೊಡ್ಡಿಗೆ ಹಾಕಿದಾಗ
ತಾಳಿಯ ಗುಂಡು ಬಿಚ್ಚಿ ಅಡವಿಟ್ಟ ಕೈ,
ನನ್ನ ಫೀಸಿನ ನೋಟುಗಳಿಗೆಲ್ಲ ಬೂಸದ ವಾಸನೆ ಅಂಟಿಸಿ
ಕ್ಲಾಸಿನಲ್ಲಿ ನಾನು ತಲೆ ತಗ್ಗಿಸುವಂತೆ ಮಾಡಿದ ಕೈ.

ಅಮ್ಮ ಹಸುವಿನ ಮುಖ ನೋಡಿದಳು. ಟೈಮೆಷ್ಟು ಅಂದಳು.
ಹನ್ನೊಂದೂವರೆ.
"ಹನ್ನೊಂದೂವರೇಲಿ ಯಾವ ಹಸು ಹಾಲ್ ಕೊಡ್ತದಪ್ಪ?
ಬೆಳಿಗ್ಗೆ ಕರ್ದಿದ್ದೀರ, ಮಿಕ್ಕಿದ್ದು ಕರ ಕುಡ್ದದೆ.
ಖಾಲಿ ಮನೆ ಬಾಗ್ಲು ಬಡೀತಾ ಕೂತಿದ್ದೀರಲ್ಲ.
ಬುಡಿ ಅದ್ನ.
ನಂಗೆ ಆ ದೊಡ್ ಕೋಳಿ ತೋರ್ಸಿ."

ದೊಡ್ಡ ಕೋಳಿ ಅಂದರೆ ಎಮು.
ತಂತಿಬಲೆಯ ಆಚೆ, ಬಾಚದ ತಲೆ, ಕಿತ್ತಳೆ ಕಣ್ಣು,
ಬಾಡಿಗೆಗೆ ತಂದಂಥ ಕಾಲು.
ಅಮ್ಮ ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತಳು.
"ಇದು ಹಾರ್ತದಾ?"
ಇಲ್ಲಜ್ಜಿ.
"ಗಾಡಿ ಎಳೀತದಾ? ಮನೆ ಕಾಯ್ತದಾ?"
ಇಲ್ಲ.
"ಮತ್ತೇನ್ ಮಾಡ್ತದೆ?"
ಬಕೆಟ್ಟು ಹಿಡಿದಿದ್ದವನು ಸ್ವಲ್ಪ ಯೋಚಿಸಿದ.
"ಏನೂ ಮಾಡಲ್ಲ. ನಿಂತಿರ್ತದೆ."
"ಏನೂ ಮಾಡಲ್ವಾ!"
ಯಾರಿಗೋ ಗಂಡು ಮಗುವಾಯಿತೆಂದು ಕೇಳಿದವಳ ಹಾಗೆ
ಅವಳ ಮುಖ ಅರಳಿತು.

ಊಟಕ್ಕೆ ಮೂರು ಸಲ ಕರೆದೆವು.
ಮುದ್ದೆ ಆರಿ ಕಲ್ಲಾಯಿತು. ತನುಷ್ ಎಲೆಯಲ್ಲಿ ಎರಡು ಹೋಳಿಗೆ ಒಯ್ದ.
ಒಂದನ್ನು ತಿಂದಳು, ಇನ್ನೊಂದನ್ನು
ಬೋರ್ಡು ಓದಲು ಬಾರದವಳ ಧೈರ್ಯದಲ್ಲಿ
ಬಲೆಯೊಳಕ್ಕೆ ತೂರಿಸಿದಳು.
ಹಕ್ಕಿಯ ಗಂಟಲೊಳಗಿಂದ ದೂರದ ತಮಟೆಯಂಥ ಸದ್ದು.
ಅಮ್ಮನೂ ಹ್ಞೂಂ ಅಂದಳು.

ಸಂಜೆ ಬನಶಂಕರಿ ಸಿಗ್ನಲ್ಲಿನಲ್ಲಿ ನೂರಾ ಎಂಬತ್ತು ಸೆಕೆಂಡು.
ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ.
ಕನ್ನಡಿಯಲ್ಲಿ ಕಂಡೆ,
ಅಮ್ಮ ಅಂಗೈ ಮೂಗಿಗೆ ಹಿಡಿದು ಮೂಸುತ್ತಿದ್ದಳು,
ಆಮೇಲೆ ಇನ್ನೊಂದು ಕೈ.
"ಏನಮ್ಮ?"
"ಏನೂ ಇಲ್ಲ ಕಣೆ," ಅಂದಳು, "ನೋಡು, ಏನೂ ಇಲ್ಲ."
ಖುಷಿಗೆ ಅಂದಳೋ ಬೇಜಾರಿಗೋ ಕೇಳಬೇಕೆನ್ನುವಷ್ಟರಲ್ಲಿ
ಹಸಿರಾಯಿತು, ಹಿಂದಿನವನು ಹಾರನ್ ಒತ್ತಿದ.